ದೊರೆಸಾನಿಯ ಜೋಗುಳ

ಪುಟ್ಟಸಿದ್ದಮ್ಮನ ಮಗಳು ತಿಪ್ಪಿಗೆ ನಿದ್ದೆಯೆಂದರೆ ಆಗದು. ಹಾಲು ಕುಡಿಯುತ್ತ ಕುಡಿಯುತ್ತ ಕಣ್ಣು ಮುಚ್ಚುವಳು, ಜೋಲಿಗೆ ಹಾಕಿದ ಕೂಡಲೇ ತೆರೆಯುವಳು. ತೆರೆದರೆ ಅಳು. ಹುಣಸೂರಿನ ಕಾಫಿ ಕಾರ್ಖಾನೆಯ ಹಿಂದೆ ಒಂದು ಹಳೆಯ ಗೋಣಿಮರವಿತ್ತು. ಕೂಲಿಗೆ ಬರುವ ಹೆಂಗಸರು ಅದರ ಕೊಂಬೆಗಳಿಗೆ ಸೀರೆಯ ಜೋಲಿ ಕಟ್ಟಿ ಕೂಸುಗಳನ್ನು ಮಲಗಿಸಿ ಒಳಗೆ ಹೋಗುತ್ತಿದ್ದರು. ತಿಪ್ಪಿ ಒಮ್ಮೆ ಬಾಯಿ ತೆರೆದಳೆಂದರೆ ಉಳಿದ ಕೂಸುಗಳೂ ಒಂದೊಂದಾಗಿ ಎದ್ದು ಮರದ ತುಂಬ ಅಳುವೇ ಅಳು.

ಕಾರ್ಖಾನೆಯ ಕೆಲಸ ಸಂಕ್ರಾಂತಿಯ ಹೊತ್ತಿಗೆ ಶುರುವಾದರೆ ಮುಂಗಾರು ಹತ್ತುವ ತನಕ ಬಿಡುವಿಲ್ಲ. ಕೊಡಗಿನ ತೋಟಗಳಿಂದ ಪಿರಿಯಾಪಟ್ಟಣದ ಮೇಲೆ ಹಾದು ಎತ್ತಿನ ಗಾಡಿಗಳು ಸಾಲುಗಟ್ಟಿ ಬಂದು ಮೂಟೆ ಇಳಿಸುತ್ತಿದ್ದವು. ಅಂಗಳದಲ್ಲಿ ಒಣಗಿಸಿ, ಯಂತ್ರಕ್ಕೆ ಕೊಟ್ಟು ಸಿಪ್ಪೆ ಬಿಡಿಸಿದ ಮೇಲೆ ಕಾಳು ಆರಿಸುವುದು ಹೆಂಗಸರ ಕೆಲಸ. ಉದ್ದನೆಯ ಕೊಟ್ಟಡಿಯಲ್ಲಿ ಸಾಲಾಗಿ ಕೂತು, ಮೊರದ ತುಂಬ ಕಾಳು ಹರಡಿಕೊಂಡು, ಕಪ್ಪು ಕಾಳನ್ನೂ ಒಡಕು ಕಾಳನ್ನೂ ಬೇರೆ ಮಾಡಬೇಕು. ಪುಟ್ಟಸಿದ್ದಮ್ಮ ಕೂರುತ್ತಿದ್ದುದು ಕಿಟಕಿಯ ಪಕ್ಕ. ಅಲ್ಲಿಂದ ಗೋಣಿಮರ ಕಾಣುತ್ತಿತ್ತು. ಗಂಡ ಚಾಮಯ್ಯ ಅದೇ ಕಾರ್ಖಾನೆಗೆ ಕೊಡಗಿನಿಂದ ಗಾಡಿ ಹೊಡೆಯುತ್ತಿದ್ದ. ಒಮ್ಮೆ ಹೋದರೆ ಎಷ್ಟೋ ದಿನ ಬರುತ್ತಿರಲಿಲ್ಲ. ಮರದ ಕೆಳಗೆ ಕೂತು ಎಲ್ಲರ ಕೂಸುಗಳನ್ನೂ ನೋಡಿಕೊಳ್ಳುತ್ತಿದ್ದವಳು ಚಾಮಯ್ಯನ ತಾಯಿ ಮಾಯಮ್ಮ. ಪುಟ್ಟಸಿದ್ದಮ್ಮನಿಗೆ ಆಕೆ ಸೋದರತ್ತೆ. ಹುಟ್ಟಿದಾಗಿನಿಂದ ಬಲ್ಲ ಅತ್ತೆ.

ತಿಪ್ಪಿ ಎನ್ನುವುದು ಮುದ್ದಿನ ಹೆಸರೇನಲ್ಲ. ಅವಳಿಗಿಂತ ಮೊದಲು ಎರಡು ಮಕ್ಕಳಿದ್ದವು. ಕೆಂಪ ಎಂಬ ಗಂಡು, ಓಡಾಡಿಕೊಂಡು ಮಾತು ಕಲಿತಿದ್ದ. ಚೌಡಿ ಎಂಬ ಹೆಣ್ಣು, ಇನ್ನೂ ತೊಟ್ಟಿಲ ಕೂಸು. ಊರೂರೇ ಮಲಗಿದ್ದ ಆ ದೊಡ್ಡ ಜ್ವರದ ವರ್ಷ ಎರಡೂ ಒಂದರ ಹಿಂದೆ ಒಂದು ಹೋದವು. ಮೂರನೆಯದು ಹುಟ್ಟಿದಾಗ ಮಾಯಮ್ಮ ಅದನ್ನು ಮೊರದಲ್ಲಿಟ್ಟು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ, ನೆರೆಮನೆಯವಳ ಕೈಯಲ್ಲಿ ಎತ್ತಿಸಿ, ಒಂದು ಸೇರು ತೌಡು ಕೊಟ್ಟು ಕೊಂಡುಕೊಂಡ ಹಾಗೆ ಮಾಡಿದ್ದಳು. ತಿಪ್ಪೆಯಲ್ಲಿ ಸಿಕ್ಕ ಕೂಸಿನ ಮೇಲೆ ಯಮನಿಗೆ ಆಸೆ ಹುಟ್ಟುವುದಿಲ್ಲವೆಂದು ನಂಬಿಕೆ. ಹಾಗೆ ಆ ಹೆಸರು ನಿಂತಿತು.

ಕೂಸು ಮಲಗದಿದ್ದರೆ ತಾಯಿಯಾದವಳು ಒಂದು ಪದ ಹೇಳುವುದು ಲೋಕದ ರೂಢಿ. ಪುಟ್ಟಸಿದ್ದಮ್ಮ ಹೇಳುತ್ತಿರಲಿಲ್ಲ. ಮೊದಲು ಚೆನ್ನಾಗಿ ಹೇಳುತ್ತಿದ್ದಳು; ನಾಟಿಯ ಹೊತ್ತಿಗೆ ಗದ್ದೆಯಲ್ಲಿ ಅವಳು ಎತ್ತಿಕೊಟ್ಟರೆ ಉಳಿದವರು ಹಿಡಿಯಬೇಕು, ಹಾಗಿತ್ತು ಗಂಟಲು. ಈಗ ತಿಪ್ಪಿಯನ್ನು ಹೆಗಲಿಗೆ ಹಾಕಿಕೊಂಡು ಸುಮ್ಮನೆ ಬೆನ್ನು ತಟ್ಟುತ್ತ ಅಂಗಳದಲ್ಲಿ ಓಡಾಡುವಳು. ಮರದ ಕೆಳಗೆ ಮಾಯಮ್ಮನೂ ಅಷ್ಟೇ. ಕಾಲಿನ ಹೆಬ್ಬೆರಳಿಗೆ ಹಗ್ಗ ಕಟ್ಟಿಕೊಂಡು ಜೋಲಿ ಜಗ್ಗುವಳು, ಎಲೆಅಡಿಕೆ ಅಗಿಯುವಳು, "ಮನಿಕೊಳ್ರೋ ಪಾಪಿಗಳಾ" ಎಂದು ಗದರುವಳು. ಮುದುಕಿಯದು ಒರಟು ಸ್ವಭಾವ ಎಂದುಕೊಂಡು ಹೆಂಗಸರು ನಗುತ್ತಿದ್ದರು.

ಆ ವರ್ಷ ಕಾರ್ಖಾನೆಗೆ ಹೊಸ ಮ್ಯಾನೇಜರ್ ದೊರೆ ಬಂದಿದ್ದ. ಜೊತೆಗೆ ಹೆಂಡತಿ. ಸಣಕಲು ಮೈಯ, ಬಿಳಿ ಟೊಪ್ಪಿಗೆಯ ದೊರೆಸಾನಿ ಕಾರ್ಖಾನೆಯ ಪಕ್ಕದ ಬಂಗಲೆಯ ತೋಟದಲ್ಲಿ ಒಬ್ಬಳೇ ತಿರುಗಾಡುವುದನ್ನು ಹೆಂಗಸರು ದೂರದಿಂದ ಕಂಡಿದ್ದರು. ಮಾಘಮಾಸದ ಒಂದು ಮಧ್ಯಾಹ್ನ ತಿಪ್ಪಿ ರಂಪ ಮಾಡುತ್ತಿದ್ದಾಗ ಆಕೆ ಬೇಲಿಯ ಗೇಟು ತೆಗೆದುಕೊಂಡು ನೇರವಾಗಿ ಮರದ ಕೆಳಗೆ ಬಂದಳು. ಮಾಯಮ್ಮ ಗಾಬರಿಯಿಂದ ಎದ್ದು ನಿಂತಳು. ಕಾಲಿಗೆ ಕಟ್ಟಿದ್ದ ಹಗ್ಗ ಎಳೆದುಕೊಂಡು ಜೋಲಿ ವಾಲಿ ತಿಪ್ಪಿ ಮತ್ತಷ್ಟು ಕಿರುಚಿದಳು. ದೊರೆಸಾನಿ ಟೊಪ್ಪಿಗೆ ತೆಗೆದು ಬೇರಿನ ಮೇಲಿಟ್ಟು, ಜೋಲಿಯ ಅಂಚು ಹಿಡಿದು ಮೆಲ್ಲಗೆ ತೂಗತೊಡಗಿದಳು. ತೂಗುತ್ತಲೇ ಹಾಡಿದಳು.

ದ ಲ್ಯಾಂಪ್ ಈಸ್ ಲೋ, ದ ಲ್ಯಾಂಬ್ಸ್ ಆರ್ ಹೋಮ್, ದ ರೇನ್ ಈಸ್ ಆನ್ ದ ಹಿಲ್…

ಕಿಟಕಿಯ ಹತ್ತಿರ ಕೂತಿದ್ದ ಪುಟ್ಟಸಿದ್ದಮ್ಮನ ಕೈ ಮೊರದ ಮೇಲೆ ನಿಂತಿತು. ಏರು ದನಿಯಿಲ್ಲ, ಒನಪಿಲ್ಲ. ಒಂದೇ ಮಟ್ಟದಲ್ಲಿ ಸ್ವಲ್ಪ ಏರಿ, ಸ್ವಲ್ಪ ಇಳಿದು, ಮತ್ತೆ ಮೊದಲಿಗೇ ಬರುವ ಹಾಡು. ಪಕ್ಕದಲ್ಲಿ ಕೂತಿದ್ದ ಶಿವರುದ್ರಮ್ಮ, "ಏನಮ್ಮಿ ಅದು, ಅಳ್ತಾವ್ಳೋ ಪದ ಯೇಳ್ತಾವ್ಳೋ?" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆದರೆ ಹೊರಗೆ ತಿಪ್ಪಿಯ ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿಂತಿತು. ಊಟದ ಗಂಟೆ ಹೊಡೆದು ಪುಟ್ಟಸಿದ್ದಮ್ಮ ಓಡಿಬಂದು ನೋಡಿದರೆ ಕೂಸು ಮುಷ್ಟಿ ಬಿಚ್ಚಿ ಮಲಗಿತ್ತು. ದೊರೆಸಾನಿ ಹೊರಟುಹೋಗಿದ್ದಳು.

ಮರುದಿನವೂ ಬಂದಳು. ಆಮೇಲೆ ದಿನಾ ಮಧ್ಯಾಹ್ನ ಬರುವುದೇ ರೂಢಿಯಾಯಿತು. ಮಾಯಮ್ಮನಿಗೆ ಒಳಗೊಳಗೇ ಖುಷಿ. ಅಷ್ಟು ಹೊತ್ತು ಕಾಲಿಗೆ ಬಿಡುವು. "ಒಳ್ಳೆ ಪದ ಕಣಮ್ಮಿ. ನಡುಮಧ್ಯೆ ಓಂ ಅಂತಾಳೆ. ದೇವರ ಪದವೇ ಇರ್ಬೇಕು" ಎಂದು ಸಂಜೆ ಮನೆಯಲ್ಲಿ ಸೊಸೆಗೆ ಹೇಳಿದಳು. ಪುಟ್ಟಸಿದ್ದಮ್ಮನೂ ಅದನ್ನು ಕೇಳಿಸಿಕೊಂಡಿದ್ದಳು. 'ಲಾಂಪೀಸ್ ಲೋ, ಲಾಮ್ಸಾರ್ ಓಮ್.' ಅವಳ ಕಿವಿಗೆ ಅದು ಹಾಗೆ ಬಿದ್ದಿತ್ತು.

ಒಂದು ಸಂಜೆ ಮುದ್ದೆ ಬೇಯಿಸುವ ಹೊತ್ತಿನಲ್ಲಿ ತಿಪ್ಪಿ ಹಠ ಹಿಡಿದಾಗ ಪುಟ್ಟಸಿದ್ದಮ್ಮ ಒಲೆಯ ಮುಂದಿನಿಂದ ಎದ್ದುಬಂದು ಜೋಲಿ ತೂಗಿದಳು. ಬಾಯಿ ತಾನಾಗಿ ತೆರೆಯಿತು. ಲಾಂಪೀಸ್ ಲೋ, ಲಾಮ್ಸಾರ್ ಓಮ್. ಎಷ್ಟೋ ತಿಂಗಳ ಮೇಲೆ ತನ್ನ ಗಂಟಲು ತಾನೇ ಕೇಳಿಸಿಕೊಂಡು ಅವಳಿಗೆ ನಾಚಿಕೆಯಾಯಿತು. ತಿಪ್ಪಿ ಕಣ್ಣರಳಿಸಿ ನೋಡಿದಳು, ಹಾಡು ಬಂದ ಬಾಯಿಯನ್ನೇ ನೋಡುತ್ತ ನೋಡುತ್ತ ಮಲಗಿದಳು. ಪುಟ್ಟಸಿದ್ದಮ್ಮ ಜೋಲಿಯ ಹಗ್ಗ ಹಿಡಿದು ಹಾಗೇ ನಿಂತಿದ್ದಳು. ಆ ಪದದಲ್ಲಿ ಅವಳಿಗೆ ಯಾರೂ ಇರಲಿಲ್ಲ. ಹೊಸ ಮಡಕೆಯ ಹಾಗೆ ಖಾಲಿಯಾಗಿತ್ತು ಅದು. ಅದಕ್ಕೇ ತನ್ನ ಬಾಯಿಂದ ಬಂತು ಎಂದುಕೊಂಡಳು.

ಶಿವರಾತ್ರಿಗೆ ಮುಂಚೆ ಚಾಮಯ್ಯ ಕೊಡಗಿನಿಂದ ಬಂದ. ಎತ್ತುಗಳಿಗೆ ಹುಲ್ಲು ಹಾಕಿ, ಕೈಕಾಲು ತೊಳೆದು ಊಟಕ್ಕೆ ಕೂತವನು ಹೆಂಡತಿ ಜೋಲಿ ತೂಗುತ್ತ ಗುನುಗುತ್ತಿದ್ದುದನ್ನು ಕೇಳಿ ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

"ಇದ್ಯಾವ ಪದ?"

"ದೊರೆಸಾನೀದು" ಎಂದಳು ಮಾಯಮ್ಮ ಹೆಮ್ಮೆಯಿಂದ. "ದಿನಾ ಮಧ್ಯಾನ ಬಂದು ನಮ್ ತಿಪ್ಪೀನ ತೂಗ್ತಾಳೆ ಕಣ್ಲಾ. ನಮ್ ಮಗೀನ ಕಂಡ್ರೆ ಅವ್ಳಿಗೆ ಪಿರೂತಿ."

ಚಾಮಯ್ಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಈ ದೊರೆ ಮೊದ್ಲು ಸಿದ್ದಾಪುರದ ತಾವ ಒಂದು ತೋಟದಲ್ಲಿದ್ದ ಕಣವ್ವ. ಓದ ಮಳೆಗಾಲ ಅವನ ಮಗ ಒಂಟೋದ. ಒಂದೇ ಮಗ. ಬಂಗ್ಲೆ ಮುಂದೇನೇ ಗೋರಿ ಅದೆ, ನಾನೇ ನೋಡಿವ್ನಿ. ಆಮ್ಯಾಕೆ ಆಯಮ್ಮ ಸಂಜೆಯಾದ್ರೆ ಕೂಲಿಯೋರ ಲೈನ್ ಮನೆ ಕಡೀಕ್ ಓಗಿ ಕಂಡೋರ ಮಕ್ಕಳಿಗೆ ಪದ ಯೇಳ್ಕಂಡು ನಿಂತ್ಕತ್ತಿದ್ಲಂತೆ. ಅದ್ನ ನೋಡಕ್ಕಾಗ್ದೇ ದೊರೆ ತೋಟ ಬುಟ್ಟು ಇಲ್ಲಿಗೆ ಬಂದಿರೋದು."

ಮಾಯಮ್ಮನ ಕೈಯಲ್ಲಿದ್ದ ಸಾರಿನ ಸೌಟು ಪಾತ್ರೆಗೆ ಬಿತ್ತು. "ಸತ್ತ ಮಗೀಗೆ ಯೇಳಿದ್ ಪದವಾ?" ಎಂದಳು. ಮಾಯಮ್ಮ ಎದ್ದುಹೋಗಿ ಜೋಲಿಯಿಂದ ತಿಪ್ಪಿಯನ್ನು ಎತ್ತಿ ಎದೆಗೆ ಅವಚಿಕೊಂಡಳು. ಮಲಗಿದ್ದ ಕೂಸು ಬೆಚ್ಚಿ ಅತ್ತಿತು.

ಎರಡು ದಿನ ಕಳೆದು ತಿಪ್ಪಿಗೆ ಜ್ವರ ಬಂತು. ಮೈ ಸುಡುತ್ತಿತ್ತು, ಮೊಲೆ ಹಿಡಿಯಲಿಲ್ಲ. ಮಾಯಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಕೂಸಿನ ಹಣೆಗೆ ಮಾರಿಗುಡಿಯ ಭಂಡಾರ ಹಚ್ಚಿದಳು, ಸೊಸೆಯ ಕಡೆ ತಿರುಗಿ, "ಇನ್ನೊಂದ್ ಸಲ ಆ ಪದ ಈ ಮನೇಲಿ ಯೇಳುದ್ರೆ ನಾನು ಮನೆ ಬುಟ್ಟು ಒಂಟೋಯ್ತೀನಿ" ಎಂದಳು. ಪುಟ್ಟಸಿದ್ದಮ್ಮ ಒದ್ದೆ ಬಟ್ಟೆ ಹಿಂಡಿ ಕೂಸಿನ ಮೈ ಒರೆಸಿದಳು. ಅವಳೂ ಹೆದರಿದ್ದಳು. ಯಾರೂ ಇಲ್ಲವೆಂದುಕೊಂಡ ಪದದೊಳಗೆ ಒಂದು ಮಗು ಮಲಗಿತ್ತು. ಅದು ತಿಳಿಯದೆ ತನ್ನ ಕೂಸನ್ನು ಅದರ ಪಕ್ಕದಲ್ಲಿ ಮಲಗಿಸಿಬಿಟ್ಟೆನೇ ಎಂದು ತನ್ನನ್ನೇ ಬೈದುಕೊಂಡಳು.

ಸುದ್ದಿ ಕಾರ್ಖಾನೆಗೂ ಮುಟ್ಟಿತು. ಹೆಂಗಸರು ಗೋಣಿಮರದಿಂದ ಜೋಲಿಗಳನ್ನು ಬಿಚ್ಚಿ ಗೋದಾಮಿನ ಹಿಂದೆ, ಬಂಗಲೆಗೆ ಕಾಣದ ಕಡೆ, ತೊಲೆಗಳಿಗೆ ಕಟ್ಟಿಕೊಂಡರು. ಅಲ್ಲಿ ಬಿಸಿಲು ಜಾಸ್ತಿ, ಸಿಪ್ಪೆಯ ಧೂಳು ಬೇರೆ. ಆದರೂ ಸರಿ ಎಂದರು. ಮಧ್ಯಾಹ್ನ ದೊರೆಸಾನಿ ಎಂದಿನ ಹಾಗೆ ಬಂದಳು. ಬರಿಯ ಕೊಂಬೆಗಳನ್ನು ನೋಡಿ ನಿಂತಳು. ನೀರು ಕುಡಿಯಲು ಹೊರಗೆ ಬಂದಿದ್ದ ಶಿವರುದ್ರಮ್ಮ ಅವಳ ಕಣ್ಣಿಗೆ ಬಿದ್ದಳು.

"ಬೇಬಿ ಎಲ್ಲಿ?" ದೊರೆಸಾನಿಗೆ ಅಡಿಗೆಮನೆಯ ಕನ್ನಡ ಬರುತ್ತಿತ್ತು.

ಶಿವರುದ್ರಮ್ಮ ನೆಲ ನೋಡುತ್ತ, "ಕೂಸ್ಗೆ ಜ್ವರ ಅಮ್ಮಾವ್ರೇ. ನೀವು… ಬರ್ಬ್ಯಾಡಿ ಅಮ್ಮಾವ್ರೇ" ಎಂದಳು.

ಕಿಟಕಿಯ ಬಳಿ ಕೂತವರಿಗೆಲ್ಲ ಅದು ಕೇಳಿಸಿತು. ದೊರೆಸಾನಿ ಸಿಟ್ಟಾಗಲಿಲ್ಲ. ಅರ್ಥವಾಯಿತು ಎನ್ನುವ ಹಾಗೆ ತಲೆಯಾಡಿಸಿ, ಬಂದ ದಾರಿಯಲ್ಲೇ ಹೋದಳು. ಗೇಟು ಹಾಕಿಕೊಳ್ಳಲು ಎರಡು ಸಲ ಪ್ರಯತ್ನಿಸಿ ಆಗದೆ ತೆರೆದೇ ಬಿಟ್ಟು ಹೋದಳು.

ತಿಪ್ಪಿಯ ಜ್ವರ ಅಷ್ಟರಲ್ಲೇ ಇಳಿಯಿತು. ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಹಲ್ಲು ಕಂಡಿತು. ಮಾಯಮ್ಮ ಬೆರಳಿಟ್ಟು ಮುಟ್ಟಿ ನೋಡಿ, "ಅಲ್ಲಿನ ಜ್ವರ" ಎಂದು ತಾನೇ ಹೇಳಿದಳು. ಹೇಳಿ, ಮುಖ ಬೇರೆ ಕಡೆ ಮಾಡಿದಳು. ಆದರೆ ಕೂಸಿನ ನಿದ್ದೆ ಮತ್ತೆ ಹೋಗಿತ್ತು. ಆ ಸಂಜೆ ಅತ್ತೆ ಎತ್ತಿಕೊಂಡಳು, ಸೊಸೆ ಎತ್ತಿಕೊಂಡಳು, ಮತ್ತೆ ಅತ್ತೆ ಎತ್ತಿಕೊಂಡಳು. ತಿಪ್ಪಿ ಬೆನ್ನು ಬಿಲ್ಲು ಮಾಡಿ ಕಿರುಚುತ್ತಿದ್ದಳು. ಕೊನೆಗೆ ಮಾಯಮ್ಮನಿಗೆ ರೇಗಿತು.

"ನಮ್ಮ ಪದಗೊಳು ಏನಾದ್ವಮ್ಮಿ? ನಿಮ್ಮವ್ವ ಯೇಳ್ತಿದ್ದೋವು, ನಾನು ಯೇಳ್ಕೊಟ್ಟೋವು? ಅವ್ನೆಲ್ಲಾ ಬುಟ್ಟು ಕಂಡೋರ ಪದಕ್ಕೆ ಯಾಕ್ ಓದೆ?"

ಪುಟ್ಟಸಿದ್ದಮ್ಮ ಗೋಡೆಗೆ ಒರಗಿ ಕೂತಿದ್ದಳು. "ಜೋ ಅಂತ ಬಾಯಿ ತೆಗುದ್ರೆ ಕೆಂಪನ ಯೆಸ್ರು ಬತ್ತದೆ ಅತ್ತೆ" ಎಂದಳು. "ಅವನ ಯೆಸ್ರು ಆಕಿ ಆಕಿ ಯೇಳಿದ್ ಪದ. ಆಮೇಕೆ ಚೌಡೀದು. ಆ ಜಾಗ್ದಲ್ಲಿ ತಿಪ್ಪಿ ಅನ್ನಾಕೆ ನಂಗಾಗಾಕಿಲ್ಲ. ಇವಳನ್ನೂ ಅದ್ರಲ್ಲಿ ಸೇರಿಸ್ದಂಗೆ ಆಯ್ತದೇನೋ ಅಂತ ಬುಟ್ಬುಟ್ಟೆ."

ಮಾಯಮ್ಮ ಕೂಸನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿದಳು. ಅವಳು ಬಯ್ಯುತ್ತಾಳೆಂದು ಪುಟ್ಟಸಿದ್ದಮ್ಮ ಕಾದಳು. ಬೈಗುಳ ಬರಲಿಲ್ಲ.

"ನಂಗೂ ಬರಾಕಿಲ್ಲ ಕಣವ್ವ" ಎಂದಳು ಮುದುಕಿ ಕೊನೆಗೆ. "ಮರದಡೀಲಿ ಅಷ್ಟ್ ಮಕ್ಕಳು ಮಡಿಕ್ಕಂಡು ಕುಂತಿರ್ತೀನಿ. ಒಂದ್ ದಿನಾನೂ ಯೇಳಿಲ್ಲ. ವಯಸ್ಸಾಯ್ತು, ಮರ್ತೋಯ್ತು ಅನ್ಕಂಡಿದ್ದೆ. ಮರ್ತಿಲ್ಲ."

ಕೆಂಪ, ಚೌಡಿ ಹೋದ ಮೇಲೆ ಅತ್ತೆಸೊಸೆ ಒಂದೇ ಒಲೆಯ ಮುಂದೆ ಕೂತು ಅಡಿಗೆ ಮಾಡಿದ್ದರು, ಒಂದೇ ಬಾವಿಯ ನೀರು ಹೊತ್ತಿದ್ದರು, ಆದರೆ ಆ ಮಕ್ಕಳ ಹೆಸರನ್ನು ಒಬ್ಬರ ಎದುರಿಗೆ ಒಬ್ಬರು ತೆಗೆದಿರಲಿಲ್ಲ. ತಿಪ್ಪಿ ಮಾತ್ರ ಅಳುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಮಾಯಮ್ಮ ಕೂಸನ್ನು ತಂದು ಸೊಸೆಯ ಮಡಿಲಿಗೆ ಹಾಕಿದಳು.

"ಯೇಳು ಅದ್ನೇಯ. ಮೆಲ್ಲಗೆ ಯೇಳು, ಪಕ್ಕದ ಮನೆಗೆ ಕೇಳ್ಬಾರ್ದು."

"ಅದ್ರಲ್ಲೂ ಒಂದು ಮಗ ಅದಲ್ಲತ್ತೆ."

"ಇರ್ಲಿ ಬುಡು" ಎಂದಳು ಮಾಯಮ್ಮ. "ಮಗ ಓಗಿಲ್ದೇ ಇರೋ ಮನೇಲಿ ಉಟ್ಟಿದ್ ಪದ ಎಲ್ಲಿಂದ ತರೋಣ?"

ಮರುದಿನ ಊಟದ ಗಂಟೆ ಹೊಡೆದಾಗ ಪುಟ್ಟಸಿದ್ದಮ್ಮ ಬುತ್ತಿ ಬಿಚ್ಚದೆ ತಿಪ್ಪಿಯನ್ನು ಸೊಂಟಕ್ಕೆ ಏರಿಸಿಕೊಂಡು ಬಂಗಲೆಯ ಕಡೆ ನಡೆದಳು. ಹಿಂದಿನ ಬಾಗಿಲಲ್ಲಿ ಅಡಿಗೆಯವನು ತಡೆದ. ಒಳಗಿನಿಂದ ದೊರೆಸಾನಿಯೇ ಬಂದಳು. ಕೂಸನ್ನು ನೋಡಿ ಅವಳ ಮುಖದಲ್ಲಿ ಬೆಳಕು ಬಂತು, ಒಡನೆಯೇ ಎರಡು ಹೆಜ್ಜೆ ಹಿಂದೆ ಸರಿದಳು.

"ನಾನು ಹತ್ತಿರ ಬರೋದು ಇಲ್ಲ" ಎಂದಳು. "ಜ್ವರ ಹೇಗೆ?"

"ಅದು ಅಲ್ಲಿನ ಜ್ವರ ಅಮ್ಮಾವ್ರೇ. ನೋಡಿ" ಎಂದು ಪುಟ್ಟಸಿದ್ದಮ್ಮ ಕೂಸಿನ ತುಟಿ ಕೆಳಗೆ ಮಾಡಿ ತೋರಿಸಿದಳು. ದೊರೆಸಾನಿ ಬಗ್ಗಿ ನೋಡಿದಳು. ತಿಪ್ಪಿ ಅವಳ ಕತ್ತಿನ ಮಣಿಸರಕ್ಕೆ ಕೈ ಹಾಕಿದಳು. ಬಿಡಿಸಲು ಹೋದರೆ ಬಿಡಲಿಲ್ಲ. ದೊರೆಸಾನಿ ನಕ್ಕಳು. ಆಮೇಲೆ ಹಿಂಜಗುಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ದೊರೆಸಾನಿ ಮೆಟ್ಟಿಲಿಗೇ ಕೂತಿದ್ದನ್ನು ನೋಡಿ ಪುಟ್ಟಸಿದ್ದಮ್ಮ ಇನ್ನೂ ಒಂದು ಮೆಟ್ಟಿಲು ಕೆಳಗೆ ಕೂತಳು.

"ನಂಗೂ ಎರಡು ಓಗವೆ ಅಮ್ಮಾವ್ರೇ" ಎಂದಳು. ಬೆರಳು ಎತ್ತಿ ತೋರಿಸಿದಳು. "ಕೆಂಪ. ಚೌಡಿ."

ದೊರೆಸಾನಿ ಆ ಎರಡು ಬೆರಳನ್ನು ನೋಡಿದಳು. ಹೆಸರುಗಳನ್ನು ತನ್ನ ಬಾಯಲ್ಲಿ ಹೇಳಲು ನೋಡಿದಳು, ಕೆಂಪ ಬಂತು, ಚೌಡಿ ಸರಿಯಾಗಿ ಬರಲಿಲ್ಲ. "ನನ್ನ ಮಗ ಪೀಟರ್" ಎಂದಳು. ಅಷ್ಟು ಹೇಳಿ ತಿಪ್ಪಿಯ ಅಂಗಾಲನ್ನು ಹೆಬ್ಬೆರಳಿನಿಂದ ಸವರುತ್ತ ಕೂತಳು. "ಈ ಮನೆಯಲ್ಲಿ ಹಾಡೋದು ಇಲ್ಲ. ದೊರೆ ಬೇಡ ಹೇಳ್ತಾರೆ. ಅವರಿಗೆ ಕೇಳೋಕೆ ಆಗೋದು ಇಲ್ಲ. ಅದಕ್ಕೆ ಮರದ ಹತ್ತಿರ ಬಂದೆ. ತಪ್ಪು ಮಾಡಿದೆ. ನಿಮಗೆ ಎಲ್ಲ ಭಯ ಆಯ್ತು."

"ಆ ಪದ ಏನಂತದೆ ಅಮ್ಮಾವ್ರೇ? ಓಂ ಅಂತೀರಲ್ಲ."

ದೊರೆಸಾನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕೈಯಾಡಿಸುತ್ತ ಒಂದೊಂದೇ ಮಾತು ಹುಡುಕಿ ಹೇಳಿದಳು. "ದೀಪ… ಸಣ್ಣ ಆಯ್ತು. ಕುರಿಮರಿ ಎಲ್ಲಾ ಮನೆಗೆ ಬಂತು. ಬೆಟ್ಟದ ಮೇಲೆ ಮಳೆ. ನೀನು ಒಳಗೆ ಇದ್ದೀ. ಮಲಗು."

"ಅಷ್ಟೇಯಾ?"

"ಅಷ್ಟೇ."

ಪುಟ್ಟಸಿದ್ದಮ್ಮನಿಗೆ ಆಶ್ಚರ್ಯವಾಯಿತು. ಬಿಳಿಯರ ಪದದಲ್ಲಿ ರಾಜ, ಹಡಗು, ಕುದುರೆ, ಮತ್ತೆ ಏನೇನೋ ಇರಬಹುದು ಎಂದುಕೊಂಡಿದ್ದಳು. ಸಂಜೆ ಕುರಿ ಹಟ್ಟಿಗೆ ಬರುವುದು, ಮಳೆ ಬರುವಾಗ ಮಕ್ಕಳನ್ನು ಒಳಗೆ ಕರೆಯುವುದು ತಮ್ಮ ಕೇರಿಯಲ್ಲೂ ನಡೆಯುವುದೇ. "ನೀವು ಬನ್ನಿ ಅಮ್ಮಾವ್ರೇ" ಎಂದಳು ಎದ್ದು ನಿಂತು. "ನಮ್ಮತ್ತೇನೂ ಬರ್ಲಿ ಅಂದವ್ಳೆ." ಮಾಯಮ್ಮ ಹಾಗೇನೂ ಹೇಳಿರಲಿಲ್ಲ.

ದೊರೆಸಾನಿ ತಲೆಯಾಡಿಸಿದಳು. "ಬೇಡ. ಉಳಿದ ಅಮ್ಮಂದಿರು ಇದ್ದಾರೆ. ನೀನು ಹೇಳು. ನಿನಗೆ ಬರುತ್ತೆ."

ಪುಟ್ಟಸಿದ್ದಮ್ಮ ಬಂದವಳೇ ತನ್ನ ಜೋಲಿಯನ್ನು ಗೋದಾಮಿನ ಹಿಂದಿನಿಂದ ಬಿಚ್ಚಿ ತಂದು ಗೋಣಿಮರಕ್ಕೆ ಕಟ್ಟಿದಳು. ಉಳಿದವರು ನೋಡಿದರು. ಯಾರೂ ಬೇಡವೆನ್ನಲಿಲ್ಲ, ಜೊತೆಗೂ ಬರಲಿಲ್ಲ. ಮಾಯಮ್ಮ ಮಾತ್ರ ಎಲೆಅಡಿಕೆಯ ಚೀಲ ಎತ್ತಿಕೊಂಡು ಬಂದು ತನ್ನ ಹಳೆಯ ಜಾಗದಲ್ಲಿ ಕೂತಳು. ಅಂದಿನಿಂದ ಊಟದ ಹೊತ್ತಿನಲ್ಲಿ ಪುಟ್ಟಸಿದ್ದಮ್ಮನೇ ಜೋಲಿ ತೂಗಿ ಆ ಪದ ಹೇಳುತ್ತಿದ್ದಳು. ನಾಟಿಯ ಪದದ ಗಂಟಲು ಅವಳದು. ದೊರೆಸಾನಿಯ ಬಾಯಲ್ಲಿ ನೆಟ್ಟಗಿದ್ದ ರಾಗ ಅವಳಲ್ಲಿ ಸ್ವಲ್ಪ ಬಳುಕುತ್ತಿತ್ತು. ದಿನ ಕಳೆದ ಹಾಗೆ ಶಿವರುದ್ರಮ್ಮನ ಮೊಮ್ಮಗನ ಜೋಲಿ ಮರಕ್ಕೆ ಬಂತು. ಇನ್ನೂ ಒಂದೆರಡು ಬಂದವು.

ಒಂದು ಮಧ್ಯಾಹ್ನ ಅವಳು ಹಾಗೆ ಹೇಳುತ್ತಿದ್ದಾಗ ಬುತ್ತಿ ಉಣ್ಣುತ್ತಿದ್ದ ಹೆಂಗಸರ ಮಾತು ತಟ್ಟನೆ ನಿಂತಿತು. ಪುಟ್ಟಸಿದ್ದಮ್ಮ ಮರದ ಕಡೆ ಮುಖ ಮಾಡಿ ನಿಂತಿದ್ದಳು. ಎಲ್ಲರೂ ತನ್ನ ಪದ ಕೇಳುತ್ತಿದ್ದಾರೆ ಎಂದುಕೊಂಡು ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ಇನ್ನೊಂದು ಸಲ ಮೊದಲಿಂದ ಹೇಳಿದಳು. ಲಾಂಪೀಸ್ ಲೋ, ಲಾಮ್ಸಾರ್ ಓಮ್. ತಿಪ್ಪಿ ಮಲಗಿದ ಮೇಲೆ ಜೋಲಿಯ ಸೀರೆ ಸರಿಮಾಡಿ ತಿರುಗಿದಳು. ಕೈಯಳತೆಯ ದೂರದಲ್ಲಿ ಮ್ಯಾನೇಜರ್ ದೊರೆ ನಿಂತಿದ್ದ. ಒಣಗುವ ಅಂಗಳ ನೋಡಲು ಬಂದವನು. ಜೊತೆಗಿದ್ದ ಗುಮಾಸ್ತ ಕಂಠಪ್ಪನ ಮುಖ ಬಿಳಿಚಿಕೊಂಡಿತ್ತು.

ಬಂಗಲೆಯಲ್ಲಿ ಬೇಡವೆಂದ ಹಾಡು. ಕೆಲಸ ಹೋಯಿತು ಎಂದುಕೊಂಡಳು ಪುಟ್ಟಸಿದ್ದಮ್ಮ. ಸೆರಗು ತಲೆಗೆ ಎಳೆದುಕೊಂಡು ನಿಂತಳು. ಮಾಯಮ್ಮ ಎದ್ದುಬಂದು ಸೊಸೆಯ ಮುಂದೆ ಅಡ್ಡ ನಿಂತಳು.

"ನಾನೇ ಯೇಳ್ಸಿದ್ದು ಸ್ವಾಮಿ" ಎಂದಳು. "ಬಯ್ಯಂಗಿದ್ರೆ ನನ್ನ ಬಯ್ಯಿ."

ದೊರೆ ಅವಳ ಕಡೆ ನೋಡಲಿಲ್ಲ. ಅವನ ಟೊಪ್ಪಿಗೆ ಕೈಯಲ್ಲಿತ್ತು. ಬಿಸಿಲಿಗೆ ಹಣೆ ಕೆಂಪಾಗಿತ್ತು. ಜೋಲಿಯ ಹತ್ತಿರ ಬಂದು ಬಗ್ಗಿ ನೋಡಿದ. "ಮಲಗಿತೇ?" ಎಂದು ಕೇಳಿದ. ಅವನ ಬಾಯಿಂದ ಅಷ್ಟು ಮೆಲ್ಲಗೆ ಮಾತು ಬಂದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಪುಟ್ಟಸಿದ್ದಮ್ಮ ಹೂಂ ಎಂದು ತಲೆಯಾಡಿಸಿದಳು. ದೊರೆ ಇನ್ನೂ ಸ್ವಲ್ಪ ಹೊತ್ತು ನಿಂತ. ಆಮೇಲೆ ಕಂಠಪ್ಪನಿಗೆ ಏನೂ ಹೇಳದೆ, ಅಂಗಳದ ಕಡೆಗೂ ಹೋಗದೆ, ನೆಟ್ಟಗೆ ಬಂಗಲೆಗೆ ನಡೆದುಬಿಟ್ಟ. ಟೊಪ್ಪಿಗೆ ಹಾಕಿಕೊಳ್ಳುವುದನ್ನೂ ಮರೆತಿದ್ದ.

ಆ ಇಡೀ ಮಧ್ಯಾಹ್ನ ಹೆಂಗಸರು ಉಸಿರು ಬಿಗಿಹಿಡಿದು ಕಾಳು ಆರಿಸಿದರು. ಯಾರನ್ನೂ ಕರೆಯಲಿಲ್ಲ, ಯಾರನ್ನೂ ಬಿಡಿಸಲಿಲ್ಲ.

ಮರುದಿನ ದೊರೆಸಾನಿ ಬಂದಳು. ಮುಖ ಊದಿಕೊಂಡಿತ್ತು, ಆದರೆ ನಡಿಗೆ ಹಗುರವಾಗಿತ್ತು. ತಿಪ್ಪಿಯ ಜೋಲಿಯ ಹತ್ತಿರ ಪುಟ್ಟಸಿದ್ದಮ್ಮನ ಪಕ್ಕದಲ್ಲಿ ನಿಂತು, "ನಿನ್ನೆ ಸಂಜೆ ದೊರೆ ಕೇಳಿದರು. ಹಾಡು ಅಂತ" ಎಂದಳು. "ಹಾಡಿದೆ. ಅವರು ಅತ್ತರು. ಪೀಟರ್ ಹೋದಾಗ ಅವರು ಅಳಲೇ ಇಲ್ಲ. ನನಗೆ ಕೋಪ ಇತ್ತು, ತುಂಬ ಕೋಪ. ಇವರಿಗೆ ಏನೂ ಅನ್ನಿಸೋದು ಇಲ್ಲ ಅಂತ."

ಪುಟ್ಟಸಿದ್ದಮ್ಮ ಪಕ್ಕಕ್ಕೆ ಸರಿದಳು. ಹಗ್ಗವನ್ನು ದೊರೆಸಾನಿಯ ಕೈಗೆ ಕೊಟ್ಟಳು. ಆದರೆ ಆ ಮಾತು ಅವಳ ಜೊತೆಗೇ ಕೊಟ್ಟಡಿಗೆ ಬಂತು. ಕಾಳು ಆರಿಸುತ್ತ ಚಾಮಯ್ಯನ ನೆನಪಾಯಿತು. ಮಕ್ಕಳನ್ನು ಲಕ್ಷ್ಮಣತೀರ್ಥದ ದಡದಲ್ಲಿ ಮಣ್ಣು ಮಾಡಿ ಬಂದ ಮಾರನೆಯ ದಿನವೇ ಅವನು ಗಾಡಿ ಕಟ್ಟಿದ್ದ. ಆಗ ಅವಳಿಗೂ ಕೋಪ ಬಂದಿತ್ತು. ಆ ಕೋಪ ಎಲ್ಲೋ ಒಳಗೆ ಕೂತಿತ್ತು, ಈವರೆಗೂ.

ಆ ವಾರ ಚಾಮಯ್ಯ ಬಂದಾಗ ಅವಳು ಹಟ್ಟಿಯ ಮುಂದೆ ಎತ್ತುಗಳ ಮೈ ಉಜ್ಜುತ್ತಿದ್ದವನ ಹತ್ತಿರ ಹೋದಳು. ಹೊತ್ತು ಮುಳುಗುತ್ತಿತ್ತು. ತಿಪ್ಪಿ ಸೊಂಟದ ಮೇಲಿದ್ದಳು.

"ಬಾವ, ನೀನು ಒಂದ್ ಸಲಾನಾದ್ರೂ ಅತ್ತಿದ್ದೀಯಾ? ಕೆಂಪ ಓದಾಗ?"

ಚಾಮಯ್ಯ ಎತ್ತಿನ ಬೆನ್ನ ಮೇಲಿಂದ ಅವಳನ್ನು ನೋಡಿದ. ಯಾರಾದರೂ ಹೀಗೆ ಕೇಳುತ್ತಾರೆಂದು ಅವನು ಎಂದೂ ಎಣಿಸಿರಲಿಲ್ಲ. ಕೈಯಲ್ಲಿದ್ದ ಹುಲ್ಲಿನ ಸಿಂಬಿಯನ್ನು ಹಿಂಡಿ ಹಿಂಡಿ ನೀರು ಕೆಡವಿದ.

"ಪಿರಿಯಾಪಟ್ಟಣ ದಾಟಿದ್ ಮೇಲೆ ರಸ್ತೇಲಿ ಯಾರಿರ್ತಾರೆ?" ಎಂದ. "ಎತ್ಗೋಳ್ಗೆ ದಾರಿ ಗೊತ್ತು. ನಾನು ಗಾಡಿ ಮ್ಯಾಲೆ ಕಂಬ್ಳಿ ಮಕದ್ ಮ್ಯಾಕೆ ಎಳ್ಕಂಡು ಮನಿಕ್ಕಬುಡ್ತಿದ್ದೆ. ಈಗ್ಲೂ ಒಂದೊಂದ್ ಸಲ."

"ಮನೇಲಿ ಯಾಕ್ ಯೇಳ್ಲಿಲ್ಲ?"

"ನೀನು ಸುಮ್ಕಿದ್ದೆ. ಅವ್ವನೂ ಸುಮ್ಕಿದ್ಲು. ನಾನೇನ್ ಯೇಳ್ಲಿ?"

ತಿಪ್ಪಿ ಎತ್ತಿನ ಕಿವಿಯ ಕಡೆ ಕೈ ಚಾಚಿದಳು. ಚಾಮಯ್ಯ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಕೂಸನ್ನು ಇಸಿದುಕೊಂಡ. ಮೂವರೂ ಎತ್ತಿನ ಪಕ್ಕದಲ್ಲಿ ಹಾಗೇ ನಿಂತಿದ್ದರು. ಒಳಗಿನಿಂದ ಮಾಯಮ್ಮ, ಮುದ್ದೆ ಆರುತ್ತದೆಂದು ಕೂಗಿದಳು.

ದೊರೆ ಮತ್ತು ದೊರೆಸಾನಿ ಇನ್ನೂ ಎರಡು ಹಂಗಾಮು ಹುಣಸೂರಿನಲ್ಲಿದ್ದರು. ಕೆಲವು ತಾಯಂದಿರು ಕೊನೆಯವರೆಗೂ ತಮ್ಮ ಜೋಲಿಗಳನ್ನು ಗೋದಾಮಿನ ಹಿಂದೆಯೇ ಕಟ್ಟುತ್ತಿದ್ದರು. ದೊರೆಸಾನಿ ಆ ಕಡೆ ಹೋಗಲಿಲ್ಲ. ಆಮೇಲೆ ದೊರೆಗೆ ಮಂಗಳೂರಿಗೆ ವರ್ಗವಾಯಿತು. ಸಾಮಾನಿನ ಗಾಡಿಗಳಲ್ಲಿ ಒಂದನ್ನು ಹೊಡೆದವನು ಚಾಮಯ್ಯನೇ. ದಾರಿಯಲ್ಲಿ ಸಿದ್ದಾಪುರದ ತೋಟದ ಮುಂದೆ ಅರ್ಧ ದಿನ ಗಾಡಿ ನಿಲ್ಲಿಸಿದ್ದರು, ಗಂಡಹೆಂಡಿರಿಬ್ಬರೂ ಒಟ್ಟಿಗೆ ಇಳಿದುಹೋದರು, ಎಂದು ಅವನು ಬಂದು ಹೇಳಿದ.

ಅದರ ಮರುವರ್ಷ ಪುಟ್ಟಸಿದ್ದಮ್ಮನಿಗೆ ಗಂಡುಮಗುವಾಯಿತು. ಚೆಲುವಯ್ಯ ಎಂದು ಒಳ್ಳೆಯ ಹೆಸರೇ ಇಟ್ಟರು. ಈ ಸಲ ಮಾಯಮ್ಮ ತಿಪ್ಪೆಯ ಮಾತೆತ್ತಲಿಲ್ಲ. ಬಾಣಂತನ ಮುಗಿಯುವ ಹೊತ್ತಿಗೆ ಒಂದು ಸಂಜೆ ಮಾಯಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಒಳಗೆ ಸೊಸೆ ಕೂಸನ್ನು ತೂಗುತ್ತ ಹಳೆಯ ಪದ ಎತ್ತಿಕೊಂಡದ್ದು ಕೇಳಿಸಿತು. ಜೋ ಎಂದು ಶುರುವಾಗಿ ಚೆಲುವನ ಹೆಸರು ಬಂತು. ಮುಂದಿನ ಸೊಲ್ಲಿನಲ್ಲಿ ತಿಪ್ಪಿಯ ಹೆಸರು. ಅದರ ಮುಂದಿನದರಲ್ಲಿ ಚೌಡಿ. ಆಮೇಲೆ ಕೆಂಪ. ದನಿ ಅಲ್ಲಿ ಸ್ವಲ್ಪ ತಡೆಯಿತು, ನಿಲ್ಲಲಿಲ್ಲ.

ಅಜ್ಜಿಯ ಪಕ್ಕದಲ್ಲಿ ಕೂತು ಕಾಳು ಎಣಿಸುತ್ತಿದ್ದ ತಿಪ್ಪಿ ತಲೆಯೆತ್ತಿ, "ಕೆಂಪ ಅಂದ್ರೆ ಯಾರಜ್ಜಿ?" ಎಂದಳು.

"ನಿಮ್ಮಣ್ಣ ಕಣವ್ವ" ಎಂದಳು ಮಾಯಮ್ಮ. ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು, ಅವನು ಹೇಗಿದ್ದ, ಏನು ಮಾತಾಡುತ್ತಿದ್ದ, ಯಾವ ಎತ್ತಿಗೆ ಹೆದರುತ್ತಿದ್ದ ಎಂಬುದನ್ನೆಲ್ಲ ಹೇಳತೊಡಗಿದಳು.